ಟೈಟಲ್ ಬಾರಿನಲ್ಲಿ ಪೂರ್ತಿ ವಿಳಾಸ ಇರಲಿ

ಹೋದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ರಿವ್ಯೂ ದಿನ. ನಮ್ಮ ಟೀಮಿನ ಸರದಿ ಬರೋಕೆ ಇನ್ನೂ ಅರ್ಧ ಗಂಟೆ ಇತ್ತು. ಲಾಗಿನ್ ಪೇಜಿನಲ್ಲಿ ಒಂದು ಸಣ್ಣ ತಪ್ಪು ಉಳಿದಿತ್ತು, ಮೂರು ಸಾಲಿನ ಕೆಲಸ. ತಿದ್ದಿದೆ, ಸೇವ್ ಮಾಡಿದೆ, ಕಂಪೈಲ್ ಮಾಡಿ ರನ್ ಮಾಡಿದೆ. ತಪ್ಪು ಹಾಗೇ ಇದೆ. ಮತ್ತೆ ತಿದ್ದಿದೆ. ಹಾಗೇ ಇದೆ. ಕೊನೆಗೆ ಸಿಟ್ಟು ಬಂದು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಕೀಬೋರ್ಡ್ ಮೇಲೆ ಕೈಯಾಡಿಸಿ ಏನೇನೋ ಅಕ್ಷರ ತುಂಬಿ ಸೇವ್ ಮಾಡಿದೆ. ಅದು ಕಂಪೈಲ್ ಆಗಲೇಬಾರದು. ಆರಾಮಾಗಿ ಆಯ್ತು!

ಆಗ ಪಕ್ಕದಲ್ಲಿ ಕೂತಿದ್ದ ಗೆಳತಿ ಕೇಳಿದಳು: "ಲೋ, ನೀನು ತಿದ್ದುತ್ತಾ ಇರೋದು ಯಾವ ಕೋಡ್ ಫೋಲ್ಡರು?"

ಆ ಲ್ಯಾಬ್ ಕಂಪ್ಯೂಟರಿನಲ್ಲಿ "ಕೋಡ್" ಅನ್ನೋ ಹೆಸರಿನ ಫೋಲ್ಡರ್ ಎರಡಿದ್ದವು. ಒಂದು ಹಿಂದಿನ ವಾರ ನಾವೇ ಡಿ ಡ್ರೈವಿನಲ್ಲಿ ಹಾಕಿಟ್ಟಿದ್ದು. ಇನ್ನೊಂದು ಅವತ್ತು ಬೆಳಿಗ್ಗೆ ಪೆನ್‌ಡ್ರೈವಿನಿಂದ ತಂದ ಜಿಪ್ ಫೈಲನ್ನು ಡೆಸ್ಕ್‌ಟಾಪಿನಲ್ಲಿ ಬಿಚ್ಚಿದ್ದು. ಎಡಿಟರಿನಲ್ಲಿ ತೆರೆದಿದ್ದ ಫೈಲ್ ಡೆಸ್ಕ್‌ಟಾಪಿನದು, ಕಂಪೈಲ್ ಆಗುತ್ತಿದ್ದದ್ದು ಡಿ ಡ್ರೈವಿನದು. ಎರಡೂ ಫೋಲ್ಡರಿನ ವಿಂಡೋ ತೆರೆದೇ ಇದ್ದವು. ಎರಡರ ನೆತ್ತಿಯ ಮೇಲೂ ಒಂದೇ ಪದ: ಕೋಡ್. ಕೆಳಗೆ ಟಾಸ್ಕ್‌ಬಾರಿನಲ್ಲೂ ಕೋಡ್, ಕೋಡ್. ಆಲ್ಟ್ ಟ್ಯಾಬ್ ಒತ್ತಿದರೂ ಕೋಡ್, ಕೋಡ್.

ತಪ್ಪು ಗೊತ್ತಾಗೋ ಹೊತ್ತಿಗೆ ನಮ್ಮ ಹೆಸರು ಕೂಗಿಯಾಗಿತ್ತು. ರಿವ್ಯೂನಲ್ಲಿ ಹಳೇ ವರ್ಷನ್ನೇ ತೋರಿಸಿದ್ವಿ. ಎಷ್ಟು ಮಾರ್ಕ್ಸ್ ಹೋಯ್ತು ಅಂತ ಇಲ್ಲಿ ಬರೆಯಲ್ಲ, ಟೀಮಿನವರು ಇದನ್ನು ಓದ್ತಾರೆ. ತಪ್ಪು ನನ್ನದೇ, ಒಪ್ಕೋತೀನಿ. ಆದರೆ ಆ ಎರಡು ವಿಂಡೋಗಳ ತಲೆಯ ಮೇಲೆ ಫೋಲ್ಡರಿನ ಪೂರ್ತಿ ಪಾಥ್ ಇದ್ದಿದ್ದರೆ ಅರ್ಧ ಗಂಟೆಯ ಬದಲು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅದನ್ನು ತೋರಿಸೋ ಸೌಲಭ್ಯ ಕಂಪ್ಯೂಟರಿನಲ್ಲಿ ಇದೆ. ಕಂಪನಿಯವರೇ ಕೊಟ್ಟಿದ್ದಾರೆ, ಆದರೆ ಆಫ್ ಮಾಡಿ ಕೊಟ್ಟಿದ್ದಾರೆ. ನನ್ನ ತಕರಾರು ಅಷ್ಟೇ: ಅದು ಮೊದಲಿನಿಂದಲೇ ಆನ್ ಆಗಿರಬೇಕು. ಕನಿಷ್ಠ ನಮ್ಮ ಲ್ಯಾಬುಗಳಲ್ಲಾದರೂ.

ಇದನ್ನು ಹಾಸ್ಟೆಲಿನಲ್ಲಿ ಹೇಳಿದರೆ ಎಲ್ಲರದೂ ಒಂದೇ ಉತ್ತರ. "ಅಡ್ರೆಸ್ ಬಾರ್ ಇದೆಯಲ್ಲ ಮಗಾ, ನೋಡ್ಕೋಬೇಕಪ್ಪ." ಅಡ್ರೆಸ್ ಬಾರ್ ಇದೆ ನಿಜ. ಆದರೆ ಅದು ಆ ವಿಂಡೋದ ಒಳಗಿನ ವಸ್ತು. ವಿಂಡೋ ಕಣ್ಣೆದುರಿಗೆ ಇದ್ದಾಗ ಮಾತ್ರ ಅದು ಕಾಣುತ್ತೆ. ಟೈಟಲ್ ಹಾಗಲ್ಲ. ಮೇಲಿನ ಪಟ್ಟಿಯಲ್ಲಿ ಕಾಣೋದಷ್ಟೇ ಅದರ ಕೆಲಸ ಅಂದುಕೊಂಡಿದ್ದೀವಿ. ಅಸಲಿಗೆ ಟೈಟಲ್ ಅಂದರೆ ಆಪರೇಟಿಂಗ್ ಸಿಸ್ಟಮ್ ಆ ವಿಂಡೋವನ್ನು ಕರೆಯೋ ಹೆಸರು. ವಿಂಡೋ ಹಿಂದೆ ಮುಚ್ಚಿಹೋಗಿದ್ದಾಗ, ಮಿನಿಮೈಸ್ ಆಗಿದ್ದಾಗ, ಟಾಸ್ಕ್‌ಬಾರಿನ ಮೇಲೆ ಮೌಸ್ ಇಟ್ಟಾಗ, ಆಲ್ಟ್ ಟ್ಯಾಬ್ ಒತ್ತಿದಾಗ ನಮಗೆ ಸಿಗೋದು ಆ ಹೆಸರೊಂದೇ. ಯಾವ ವಿಂಡೋಗೆ ಹೋಗಬೇಕು ಅಂತ ನಾವು ತೀರ್ಮಾನ ಮಾಡೋದು ಅಲ್ಲಿ, ಅಡ್ರೆಸ್ ಬಾರಿನಲ್ಲಲ್ಲ. ಮನೆಯೊಳಗೆ ಹೋದ ಮೇಲೆ ಗೋಡೆಯ ಮೇಲೆ ವಿಳಾಸ ಬರೆದಿದ್ದರೆ ಏನು ಪ್ರಯೋಜನ, ಗೇಟಿನ ಹತ್ತಿರ ಇರಬೇಕು ತಾನೇ?

ಇನ್ನೊಂದು ವಿಷಯ. ಅಡ್ರೆಸ್ ಬಾರ್ ತೋರಿಸೋದೂ ಯಾವಾಗಲೂ ನಿಜವಾದ ವಿಳಾಸ ಅಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಪಾಥನ್ನು ತುಂಡು ತುಂಡು ಮಾಡಿ, ನಡುವೆ ಬಾಣ ಹಾಕಿ, ಪ್ರತಿಯೊಂದನ್ನೂ ಒತ್ತಬಹುದಾದ ಬಟನ್ ಮಾಡಿದರು. ಅನುಕೂಲ ಇದೆ, ಇಲ್ಲ ಅನ್ನಲ್ಲ. ಆದರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಥರದ ಫೋಲ್ಡರಿಗೆ ಹೋದರೆ ಅಲ್ಲಿ ಬರೀ "ಡೆಸ್ಕ್‌ಟಾಪ್" ಅಂತ ಇರುತ್ತೆ. ಯಾವ ಡೆಸ್ಕ್‌ಟಾಪ್? ಒನ್‌ಡ್ರೈವ್ ಬ್ಯಾಕಪ್ ಆನ್ ಮಾಡಿದ್ದರೆ ನಿಮ್ಮ ಡೆಸ್ಕ್‌ಟಾಪ್ ಒನ್‌ಡ್ರೈವ್ ಫೋಲ್ಡರಿನ ಒಳಗೆ ಇರುತ್ತೆ, ಹೊರಗಿನ ಹಳೇ ಡೆಸ್ಕ್‌ಟಾಪ್ ಫೋಲ್ಡರ್ ಬೇರೆಯೇ ಉಳಿದಿರಲೂಬಹುದು. ಪೈಥಾನಿನಲ್ಲಿ ಪಾಥ್ ಕೊಟ್ಟು ಫೈಲ್ ಓದೋಕೆ ಹೋಗಿ "ಅಂಥ ಫೈಲ್ ಇಲ್ಲ" ಅಂತ ಬೈಸಿಕೊಂಡವರು ನಮ್ಮ ಬ್ಯಾಚಿನಲ್ಲಿ ಎಷ್ಟು ಜನ! ಕಣ್ಣೆದುರಿಗೇ ಡೆಸ್ಕ್‌ಟಾಪಿನ ಮೇಲೆ ಫೈಲ್ ಇದೆ, ಪ್ರೋಗ್ರಾಮು ಇಲ್ಲ ಅನ್ನುತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ನೋಡುತ್ತಿರೋ ಜಾಗ ಬೇರೆ ಬೇರೆ. ಅಡ್ರೆಸ್ ಬಾರಿನ ಖಾಲಿ ಜಾಗದಲ್ಲಿ ಒಂದು ಸಲ ಕ್ಲಿಕ್ ಮಾಡಿದರೆ ನಿಜವಾದ ಪಾಥ್ ಬರುತ್ತೆ. ಅದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಾಗಾದರೆ ಹೆಸರು ಮಾತ್ರ ತೋರಿಸೋ ಈ ಪದ್ಧತಿ ಎಲ್ಲಿಂದ ಬಂತು? ಹುಡುಕಿ ಓದಿದಾಗ ಸಿಕ್ಕಿದ್ದು ನನಗೆ ಭಾರಿ ಇಷ್ಟ ಆಯ್ತು. 1984ರಲ್ಲಿ ಆಪಲ್‌ನ ಮೊದಲ ಮ್ಯಾಕಿಂಟಾಷ್ ಬಂತಲ್ಲ, ಅದರ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 400 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರಬಹುದು. ಅದರ ಫೈಲ್ ಸಿಸ್ಟಮಿನಲ್ಲಿ ಫೋಲ್ಡರ್ ಅನ್ನೋದೇ ನಿಜವಾಗಿ ಇರಲಿಲ್ಲ. ಫೈಲುಗಳೆಲ್ಲ ಒಂದೇ ಮಟ್ಟದಲ್ಲಿ ಇರುತ್ತಿದ್ದವು. ಫೈಂಡರ್ ಮಾತ್ರ ಅವನ್ನು ಫೋಲ್ಡರಿನಲ್ಲಿ ಹಾಕಿದ ಹಾಗೆ ತೋರಿಸುತ್ತಿತ್ತು. ಹಾಗಾಗಿ ಒಂದೇ ಫ್ಲಾಪಿಯಲ್ಲಿ ಒಂದೇ ಹೆಸರಿನ ಎರಡು ಫೈಲ್ ಇಡೋಕೆ ಆಗುತ್ತಲೇ ಇರಲಿಲ್ಲ, ಬೇರೆ ಬೇರೆ ಫೋಲ್ಡರಿನಲ್ಲಾದರೂ ಸರಿ. ಅಂಥ ಕಡೆ ಪಾಥ್ ತೋರಿಸೋ ಪ್ರಶ್ನೆಯೇ ಇಲ್ಲ, ಏಕೆಂದರೆ ಪಾಥೇ ಇಲ್ಲ. ಜೊತೆಗೆ ಒಂದು ಫೋಲ್ಡರಿಗೆ ಒಂದೇ ವಿಂಡೋ, ಮುಚ್ಚಿ ಮತ್ತೆ ತೆರೆದರೆ ಅದೇ ಜಾಗದಲ್ಲಿ ತೆರೆಯೋದು. ವಿಂಡೋನೇ ಫೋಲ್ಡರ್. ಅದರ ತಲೆಯ ಮೇಲೆ ಹೆಸರು ಬರೆದರೆ ಸಾಕಿತ್ತು. ಹತ್ತು ಮನೆ ಇರೋ ಹಳ್ಳಿಯಲ್ಲಿ "ಪುಟ್ಟಪ್ಪನ ಮನೆ" ಅಂದರೆ ಸಾಕಾಗೋ ಹಾಗೆ.

ಡಾಸ್ ಕಡೆಯ ಸಂಪ್ರದಾಯ ಬೇರೆ. 1983ರ ಎಂಎಸ್ ಡಾಸ್ 2.0ರಲ್ಲಿ ಫೋಲ್ಡರಿನ ಒಳಗೆ ಫೋಲ್ಡರ್ ಇಡೋ ವ್ಯವಸ್ಥೆ ಬಂತು. ಕರ್ಸರಿನ ಎಡಕ್ಕೆ ಯಾವಾಗಲೂ ಪಾಥ್ ಕಾಣೋ ಹಾಗೆ ಪ್ರಾಂಪ್ಟ್ ಇಟ್ಟುಕೊಳ್ಳೋದು ರೂಢಿಯಾಯ್ತು. ವಿಂಡೋಸ್ 3.1ರ ಫೈಲ್ ಮ್ಯಾನೇಜರ್ ಕೂಡ ಅದನ್ನೇ ಮುಂದುವರಿಸಿತು, ಅದರ ಪ್ರತಿ ಒಳವಿಂಡೋದ ಟೈಟಲಿನಲ್ಲಿ ಡ್ರೈವಿನಿಂದ ಹಿಡಿದು ಪಾಥ್ ಇರುತ್ತಿತ್ತು. (ಅದರ ಸೋರ್ಸ್ ಕೋಡನ್ನು ಮೈಕ್ರೋಸಾಫ್ಟ್ 2018ರಲ್ಲಿ ಗಿಟ್‌ಹಬ್ಬಿಗೆ ಹಾಕಿದೆ, ಇವತ್ತಿನ ವಿಂಡೋಸಿನಲ್ಲೂ ಓಡುತ್ತೆ. ಬೇಜಾರಾದಾಗ ಹಾಕಿ ನೋಡಿ.) ಆಮೇಲೆ ವಿಂಡೋಸ್ 95 ಬಂತು, ಮ್ಯಾಕಿನ ಹಾಗೆ ಟೈಟಲಿನಲ್ಲಿ ಫೋಲ್ಡರಿನ ಹೆಸರು ಮಾತ್ರ ಉಳಿಯಿತು. ಪಾಥ್ ಬೇಕು ಅನ್ನೋರಿಗೆ ಅಂತ ಆಪ್ಷನ್ಸ್ ಒಳಗೆ ಒಂದು ಚೆಕ್‌ಬಾಕ್ಸ್ ಇಟ್ಟರು: ಪೂರ್ತಿ ಎಂಎಸ್ ಡಾಸ್ ಪಾಥನ್ನು ಟೈಟಲ್ ಬಾರಿನಲ್ಲಿ ತೋರಿಸು. ಆ ಚೆಕ್‌ಬಾಕ್ಸು "ಎಂಎಸ್ ಡಾಸ್" ಅನ್ನೋ ಪದ ಒಂದನ್ನು ಬಿಟ್ಟು ವಿಂಡೋಸ್ 11ರವರೆಗೂ ಬಂದಿದೆ. ನಡುವೆ ವಿಂಡೋಸ್ 7ರಲ್ಲಿ ಅದರ ಪಕ್ಕ "ಕ್ಲಾಸಿಕ್ ಥೀಮಿಗೆ ಮಾತ್ರ" ಅಂತ ಬರೆದಿದ್ದರು. ಗಾಜಿನ ಥರ ಹೊಳೆಯೋ ಆ ಥೀಮಿನಲ್ಲಿ ಟೈಟಲ್ ಬಾರ್ ಖಾಲಿ, ಹೆಸರೂ ಇಲ್ಲ. ನಾನು ಶಾಲೆಯ ಕಂಪ್ಯೂಟರ್ ರೂಮಿನಲ್ಲಿ ಕಲಿತದ್ದು ಅದರಲ್ಲೇ.

ಅಂದರೆ 400 ಕೆಬಿ ಫ್ಲಾಪಿಗೆ ಹೊಂದುತ್ತಿದ್ದ ಒಂದು ತೀರ್ಮಾನ, ಒಂದು ಟೆರಾಬೈಟ್ ಡಿಸ್ಕಿನ ಕಾಲದಲ್ಲೂ ನಡೀತಾ ಇದೆ. ಹಳ್ಳಿ ಬೆಂಗಳೂರಾಗಿದೆ, ವಿಳಾಸ ಮಾತ್ರ ಇನ್ನೂ "ಪುಟ್ಟಪ್ಪನ ಮನೆ".

ಪುಟ್ಟಪ್ಪ ಅಂದ ಕೂಡಲೇ ಕುವೆಂಪು ನೆನಪಾಗ್ತಾರೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಊರು, ಅಪ್ಪ, ಆಮೇಲೆ ತಾನು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಅವರದೂ ಹಾಗೇ. ಇದು ಪಾಥ್ ಅಲ್ಲದೆ ಇನ್ನೇನು? ದೊಡ್ಡದರಿಂದ ಚಿಕ್ಕದಕ್ಕೆ, ರೂಟಿನಿಂದ ಎಲೆಗೆ. ಗುಂಡಪ್ಪಂದಿರು ಬೇಕಾದಷ್ಟು ಜನ ಇದ್ದರು, ಆದರೆ ದೇವನಹಳ್ಳಿಯ ವೆಂಕಟರಮಣಯ್ಯನವರ ಗುಂಡಪ್ಪ ಒಬ್ಬರೇ. ನಮ್ಮ ಅಟೆಂಡೆನ್ಸ್ ರಿಜಿಸ್ಟರಿನಲ್ಲೂ ಮೂರು ಜನ ಮಂಜುನಾಥ ಇದ್ದಾರೆ, ಇನಿಷಿಯಲ್ ಇಲ್ಲದಿದ್ದರೆ ಯಾರ ಪ್ರಾಕ್ಸಿ ಯಾರಿಗೆ ಹೋಗುತ್ತೋ ದೇವರೇ ಬಲ್ಲ.

ಪೂರ್ತಿ ಪಾಥ್ ಬೇಡ ಅನ್ನೋರ ವಾದದಲ್ಲಿ ಒಂದು ನಿಜ ಇದೆ, ಅದನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ಪಾಥ್ ಉದ್ದ ಇರುತ್ತೆ, ಜಾಗ ಕಡಿಮೆ. ಜಾಗ ಸಾಲದಿದ್ದಾಗ ಸಾಮಾನ್ಯವಾಗಿ ಟೈಟಲಿನ ಕೊನೆಯನ್ನು ಕತ್ತರಿಸಿ ಮೂರು ಚುಕ್ಕಿ ಹಾಕ್ತಾರೆ. ಪಾಥಿನಲ್ಲಿ ಮುಖ್ಯವಾದದ್ದೇ ಕೊನೆ! ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿಗೆ 2022ರಲ್ಲಿ ಟ್ಯಾಬ್ ಬಂದ ಮೇಲೆ ಈ ತೊಂದರೆ ಜಾಸ್ತಿಯಾಗಿದೆ. ಚೆಕ್‌ಬಾಕ್ಸ್ ಆನ್ ಮಾಡಿದರೆ ಪಾಥ್ ಬರೋದು ಟ್ಯಾಬಿನ ಮೇಲೆ, ಟ್ಯಾಬಿನ ಅಗಲವೋ ಇಷ್ಟೇ ಇಷ್ಟು. ನಾಲ್ಕು ಟ್ಯಾಬ್ ತೆರೆದರೆ ನಾಲ್ಕರ ಮೇಲೂ "ಸಿ ಡ್ರೈವ್, ಯೂಸರ್ಸ್" ಅಂತ ಶುರುವಾಗಿ ಅಲ್ಲಿಗೇ ನಿಂತುಹೋಗುತ್ತೆ. ಇದು ಬರೀ ಹೆಸರು ತೋರಿಸೋದಕ್ಕಿಂತ ಕಡೆ. ಇದನ್ನು ನೋಡಿ "ಅಯ್ಯೋ ಇದಕ್ಕಾ ಇಷ್ಟು ಗಲಾಟೆ" ಅಂತ ಆಫ್ ಮಾಡಿದವರನ್ನು ನಾನು ಬೈಯಲ್ಲ.

ಆದರೆ ಇದು ಪಾಥಿನ ತಪ್ಪಲ್ಲ, ಕತ್ತರಿಸೋ ರೀತಿಯ ತಪ್ಪು. ಅದಕ್ಕೆ ಪರಿಹಾರ ನಮ್ಮ ಹಿರಿಯರ ಹೆಸರಿನಲ್ಲೇ ಇದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಅಂತ ಪ್ರತಿ ಸಲ ಬರೆಯೋಕೆ ಜಾಗ ಇಲ್ಲ ಅಂತ ಯಾರೂ "ದೇವನಹಳ್ಳಿ ವೆಂಕಟ..." ಅಂತ ಬರೆದು ಮೂರು ಚುಕ್ಕಿ ಇಡಲಿಲ್ಲ. ಬರೀ "ಗುಂಡಪ್ಪ" ಅಂತಲೂ ಬಿಡಲಿಲ್ಲ. ಡಿ. ವಿ. ಗುಂಡಪ್ಪ ಅಂದರು. ಮೇಲಿನವಕ್ಕೆ ಒಂದೊಂದು ಅಕ್ಷರ, ಕೊನೆಯದು ಪೂರ್ತಿ. ಲಿನಕ್ಸಿನಲ್ಲಿ ಫಿಶ್ ಅಂತ ಒಂದು ಶೆಲ್ ಇದೆ, ಬಳಸಿದವರಿಗೆ ಗೊತ್ತು, ಅದರ ಪ್ರಾಂಪ್ಟ್ ಮಾಡೋದು ಥೇಟ್ ಇದನ್ನೇ. ಮೇಲಿನ ಪ್ರತಿ ಫೋಲ್ಡರಿಗೂ ಮೊದಲಕ್ಷರ, ನೀವಿರೋ ಫೋಲ್ಡರಿನ ಹೆಸರು ಮಾತ್ರ ಪೂರ್ತಿ. ನಿಮ್ಮ ಹೋಮ್ ಫೋಲ್ಡರಿನ ಜಾಗದಲ್ಲಿ ಒಂದು ಟಿಲ್ಡೆ ಗುರುತು. ಹತ್ತಿಪ್ಪತ್ತು ಅಕ್ಷರದಲ್ಲಿ ಊರು, ಅಪ್ಪ, ಮಗ ಎಲ್ಲ ಮುಗೀತು. ಟರ್ಮಿನಲ್‌ನಲ್ಲಿ ಆಗೋದು ಫೈಲ್ ಮ್ಯಾನೇಜರಿನ ಟ್ಯಾಬಿನಲ್ಲಿ ಯಾಕೆ ಆಗಬಾರದು? ನನ್ನ "ಕೋಡ್" ಫೋಲ್ಡರುಗಳು "ಡಿ, ಎಂ, ಕೋಡ್" ಅಂತಲೂ "ಟಿಲ್ಡೆ, ಡಿ, ಎಂ, ಕೋಡ್" ಅಂತಲೂ ಕಂಡಿದ್ದರೂ ಸಾಕಿತ್ತು. ಎರಡೂ ಒಂದೇ ಅಲ್ಲ ಅಂತ ಕಣ್ಣಿಗೆ ಬೀಳುತ್ತಿತ್ತು.

ಅಂದ ಹಾಗೆ ಪಾಥ್ ತುಂಬ ಉದ್ದ ಅಂತ ಗೊತ್ತಾಗೋದೂ ಒಂದು ಮಾಹಿತಿಯೇ. ವಿಂಡೋಸಿನ ಹಳೇ ನಿಯಮದಲ್ಲಿ ಒಂದು ಪಾಥಿಗೆ 260 ಅಕ್ಷರದ ಮಿತಿ. 2016ರಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟಿನಿಂದ ಅದನ್ನು ಸಡಿಲಿಸಬಹುದು, ಆದರೆ ಅದಕ್ಕೆ ಬೇರೆ ಸೆಟ್ಟಿಂಗ್ ಆನ್ ಮಾಡಬೇಕು, ಆ ಸಾಫ್ಟ್‌ವೇರೂ ಒಪ್ಪಬೇಕು. ಜಿಪ್ ಬಿಚ್ಚಿದಾಗ "ಫೈನಲ್ ಪ್ರಾಜೆಕ್ಟ್" ಒಳಗೆ ಮತ್ತೆ "ಫೈನಲ್ ಪ್ರಾಜೆಕ್ಟ್", ಅದರ ಒಳಗೆ "ಫೈನಲ್ ಪ್ರಾಜೆಕ್ಟ್ ಹೊಸದು" ಅಂತ ಗೂಡು ಕಟ್ಟಿದಾಗ, ಅದರೊಳಗೆ ನೋಡ್ ಮಾಡ್ಯೂಲ್ಸ್ ಇಳಿಸಿದಾಗ, ಕಾಪಿ ಅರ್ಧಕ್ಕೆ ನಿಂತು ಎರರ್ ಬರುತ್ತಲ್ಲ, ಅದಕ್ಕೆ ಕಾರಣ ಹಲವು ಸಲ ಇದೇ. ತಲೆಯ ಮೇಲೆ ಆ ಉದ್ದದ ಪಾಥ್ ದಿನಾ ಕಾಣುತ್ತಿದ್ದರೆ ನಮಗೇ ನಾಚಿಕೆಯಾಗಿ ಹೆಸರು ಚಿಕ್ಕದು ಮಾಡುತ್ತಿದ್ವಿ.

ಇನ್ನೊಂದು ಆಕ್ಷೇಪ ಪ್ರೈವೆಸಿಯದು. ಸ್ಕ್ರೀನ್ ಷೇರ್ ಮಾಡಿದಾಗ ಯೂಸರ್ ಹೆಸರು ಎಲ್ಲರಿಗೂ ಕಾಣುತ್ತೆ. ಸರಿಯಾದ ಮಾತು. ನನ್ನ ಲ್ಯಾಪ್‌ಟಾಪ್ ಮೊದಲು ಅಣ್ಣನದು, ಪಾಥ್ ತೋರಿಸಿದರೆ ಅವನ ಅಡ್ಡಹೆಸರು ಇಡೀ ಕ್ಲಾಸಿಗೆ ಗೊತ್ತಾಗುತ್ತೆ. ಇದಕ್ಕೂ ಆ ಟಿಲ್ಡೆ ಉಪಾಯ ಸಾಕು.

ಇಷ್ಟಕ್ಕೂ ಇದು ನಮ್ಮಂಥ ಕಂಪ್ಯೂಟರ್ ಹುಚ್ಚರ ತಲೆಹರಟೆ, ಸಾಮಾನ್ಯ ಜನಕ್ಕೆ ಪಾಥ್ ತೋರಿಸಿದರೆ ಗಾಬರಿಯಾಗ್ತಾರೆ ಅನ್ನೋ ವಾದವನ್ನು ಮಾತ್ರ ನಾನು ಒಪ್ಪಲ್ಲ. ಗಾಬರಿ ಆಗೋದು ಪಾಥ್ ಕಂಡಿದ್ದಕ್ಕಲ್ಲ, ಫೈಲ್ ಕಾಣದೆ ಇದ್ದಿದ್ದಕ್ಕೆ. 2021ರಲ್ಲಿ ಅಮೆರಿಕದ ದಿ ವರ್ಜ್ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಫೈಲ್ ಎಲ್ಲಿ ಸೇವ್ ಮಾಡಿದ್ದೀರಿ ಅಂತ ಕೇಳಿದರೆ ಆ ಪ್ರಶ್ನೆಯೇ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತಿಲ್ಲ ಅಂತ ಅಲ್ಲಿನ ಪ್ರೊಫೆಸರುಗಳು ಹೇಳಿಕೊಂಡಿದ್ದರು. ಓದಿ ನಗು ಬಂತು, ಆಮೇಲೆ ನಮ್ಮ ಫಸ್ಟ್ ಇಯರ್ ಲ್ಯಾಬ್ ನೆನಪಾಗಿ ನಗು ನಿಂತಿತು. ನಮ್ಮಲ್ಲಿ ಎಷ್ಟೋ ಜನ ಪಿಯುಸಿ ಮುಗಿಯೋವರೆಗೆ ಕಂಪ್ಯೂಟರ್ ಅಂತ ಮುಟ್ಟಿದ್ದು ಕಡಿಮೆ, ಎಲ್ಲ ಫೋನಿನಲ್ಲೇ. ಫೋನಿನಲ್ಲಿ ಫೋಲ್ಡರ್ ಇದೆ ಅಂತಲೇ ಗೊತ್ತಾಗದ ಹಾಗೆ ಮುಚ್ಚಿಟ್ಟಿರ್ತಾರೆ. ಸೀನಿಯರ್ ಕಳಿಸಿದ ನೋಟ್ಸ್ ಪಿಡಿಎಫ್ ವಾಟ್ಸಾಪಿನಲ್ಲಿ ತೆರೆಯುತ್ತೆ. ಅದು ನಿಜಕ್ಕೂ ಇರೋದು ಆಂಡ್ರಾಯ್ಡ್ ಅನ್ನೋ ಫೋಲ್ಡರಿನ ಒಳಗೆ ಮೀಡಿಯಾ, ಅದರ ಒಳಗೆ ವಾಟ್ಸಾಪಿನ ಫೋಲ್ಡರ್, ಮತ್ತೆ ಮೀಡಿಯಾ, ಅದರ ಒಳಗೆ ಡಾಕ್ಯುಮೆಂಟ್ಸ್. ಪ್ರಿಂಟ್ ಹಾಕಿಸೋಕೆ ಜೆರಾಕ್ಸ್ ಅಂಗಡಿಗೆ ಹೋಗಿ ಫೋನನ್ನು ಕೇಬಲಿಗೆ ಸಿಕ್ಕಿಸಿದಾಗ ಅಂಗಡಿಯ ಅಣ್ಣನೇ ಹುಡುಕಿ ಕೊಡಬೇಕು. ಅವರಿಗೆ ಬಾಯಿಪಾಠ.

ಹಾಗೆ ಬಂದವರನ್ನು ಮೊದಲ ದಿನವೇ ಟರ್ಮಿನಲ್ ಮುಂದೆ ಕೂರಿಸಿ "ಪ್ರಾಜೆಕ್ಟ್ ಡೈರೆಕ್ಟರಿಗೆ ಹೋಗಿ" ಅಂತಾರೆ. ಎಲ್ಲಿಗೆ ಹೋಗೋದು? ಫೈಲ್ ಮ್ಯಾನೇಜರಿನಲ್ಲಿ ಕಂಡ ಜಾಗಕ್ಕೂ ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕಾದ ಸಾಲಿಗೂ ಸಂಬಂಧ ಇದೆ ಅಂತ ತೋರಿಸೋ ಒಂದೇ ಒಂದು ವಸ್ತು ಪಾಥ್. ಅದನ್ನೇ ಮರೆಮಾಡಿದರೆ ಎರಡೂ ಬೇರೆ ಬೇರೆ ಲೋಕ ಅನಿಸುತ್ತೆ. ಉಬುಂಟುವಿನ ಟರ್ಮಿನಲ್ ವಿಂಡೋದ ಟೈಟಲ್ ನೋಡಿ, ಅಲ್ಲಿ ಯೂಸರ್ ಹೆಸರು, ಕಂಪ್ಯೂಟರ್ ಹೆಸರು, ಪಾಥ್ ಎಲ್ಲ ಡೀಫಾಲ್ಟಾಗೇ ಇರುತ್ತೆ. ಅದರ ಪಕ್ಕದಲ್ಲೇ ತೆರೆದಿರೋ ಫೈಲ್ಸ್ ವಿಂಡೋಗೆ ಆ ಭಾಗ್ಯ ಇಲ್ಲ. ಗೊತ್ತಿರೋರಿಗೆ ತೋರಿಸ್ತಾರೆ, ಗೊತ್ತಿಲ್ಲದವರಿಗೆ ಮುಚ್ಚಿಡ್ತಾರೆ. ಉಲ್ಟಾ ಆಗಬೇಕಿತ್ತು.

ಕನ್ನಡದಲ್ಲಿ ಕಂಪ್ಯೂಟರ್ ಬಳಸೋರಿಗೆ ಇನ್ನೂ ಒಂದು ಸುತ್ತು ಇದೆ. ನಮ್ಮ ಕ್ಲಬ್ಬಿನವರು ಅಂತ ಅಭಿಮಾನದಿಂದ ವಿಂಡೋಸನ್ನು ಕನ್ನಡಕ್ಕೆ ತಿರುಗಿಸಿದರೆ ಡೌನ್‌ಲೋಡ್ಸ್ ಫೋಲ್ಡರಿನ ಹೆಸರು ಕನ್ನಡದಲ್ಲಿ ಕಾಣುತ್ತೆ. ಅದು ತೋರಿಕೆಗೆ ಮಾತ್ರ, ಡಿಸ್ಕಿನಲ್ಲಿ ಇಂಗ್ಲಿಷ್ ಹೆಸರೇ ಇರುತ್ತೆ. ಉಬುಂಟುವಿನಲ್ಲಿ ಹಾಗಲ್ಲ. ಭಾಷೆ ಬದಲಿಸಿ ಲಾಗಿನ್ ಆದಾಗ ಫೋಲ್ಡರುಗಳ ಹೆಸರನ್ನೂ ಬದಲಿಸಲಾ ಅಂತ ಕೇಳುತ್ತೆ, ಹೂಂ ಅಂದರೆ ನಿಜವಾಗಿಯೂ ಬದಲಿಸುತ್ತೆ. ಆಮೇಲೆ ಲ್ಯಾಬ್ ಮ್ಯಾನುಯಲ್ಲಿನಲ್ಲಿ ಇರೋ ಪಾಥ್ ಟೈಪ್ ಮಾಡಿದರೆ ಅಂಥ ಫೋಲ್ಡರೇ ಇಲ್ಲ. ಕನ್ನಡ ಬಿಡಿ ಅಂತ ನಾನು ಹೇಳ್ತಿಲ್ಲ, ನನ್ನದೂ ಕನ್ನಡದಲ್ಲೇ ಇದೆ. ತೋರಿಸೋ ಹೆಸರು ಯಾವುದು, ಇರೋ ಹೆಸರು ಯಾವುದು ಅಂತ ಕಣ್ಣಿಗೆ ಬೀಳೋ ಜಾಗದಲ್ಲಿ ಬರೆದಿರಲಿ ಅಂತಷ್ಟೇ.

ಸದ್ಯಕ್ಕೆ ನಿಮ್ಮ ಕೈಯಲ್ಲಿ ಆಗೋದನ್ನು ಹೇಳ್ತೀನಿ. ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್ ಮೇಲಿನ ಮೂರು ಚುಕ್ಕಿ ಒತ್ತಿ, ಆಪ್ಷನ್ಸ್, ಅದರಲ್ಲಿ ವ್ಯೂ ಟ್ಯಾಬ್. ಅಲ್ಲಿ "ಡಿಸ್‌ಪ್ಲೇ ದಿ ಫುಲ್ ಪಾಥ್ ಇನ್ ದಿ ಟೈಟಲ್ ಬಾರ್" ಅನ್ನೋದಕ್ಕೆ ಟಿಕ್ ಹಾಕಿ. ಟ್ಯಾಬ್ ಬದಲು ಬೇರೆ ಬೇರೆ ವಿಂಡೋ ತೆರೆದು ಕೆಲಸ ಮಾಡಿದರೆ ಆಲ್ಟ್ ಟ್ಯಾಬಿನಲ್ಲಿ ಇದರ ಉಪಯೋಗ ಹೆಚ್ಚು. ಕೆಡಿಇಯ ಡಾಲ್ಫಿನ್ ಮತ್ತು ಎಕ್ಸ್‌ಎಫ್‌ಸಿಇಯ ಥುನಾರ್ ಎರಡರ ಸೆಟ್ಟಿಂಗ್ಸಿನಲ್ಲೂ ಇಂಥದ್ದೇ ಆಯ್ಕೆ ಇದೆ. ಉಬುಂಟುವಿನ ಫೈಲ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಇಲ್ಲ, ಕಂಟ್ರೋಲ್ ಎಲ್ ಒತ್ತಿದರೆ ಪಾಥ್ ಅಕ್ಷರದಲ್ಲಿ ಬರುತ್ತೆ, ಅಷ್ಟಕ್ಕೆ ತೃಪ್ತಿ ಪಡಬೇಕು. ಮ್ಯಾಕ್ ಇರೋ ಪುಣ್ಯವಂತರು ವ್ಯೂ ಮೆನುವಿನಲ್ಲಿ ಷೋ ಪಾಥ್ ಬಾರ್ ಆರಿಸಿದರೆ ವಿಂಡೋದ ಕೆಳಗೆ ಬರುತ್ತೆ, ಕಮಾಂಡ್ ಕೀ ಹಿಡಿದು ಟೈಟಲ್ ಮೇಲೆ ಕ್ಲಿಕ್ ಮಾಡಿದರೂ ಮೇಲಿನ ಫೋಲ್ಡರುಗಳ ಪಟ್ಟಿ ಸಿಗುತ್ತೆ. ವಿಎಸ್ ಕೋಡ್ ಬಳಸೋರು ಸೆಟ್ಟಿಂಗ್ಸಿನಲ್ಲಿ ವಿಂಡೋ ಟೈಟಲ್ ಅಂತ ಹುಡುಕಿ, ಆಕ್ಟಿವ್ ಎಡಿಟರ್ ಷಾರ್ಟ್ ಅಂತ ಇರೋ ಕಡೆ ಲಾಂಗ್ ಅಂತ ಬದಲಿಸಿ. ನನ್ನ ರಿವ್ಯೂ ದಿನ ಅದೊಂದು ಮಾಡಿದ್ದಿದ್ದರೂ ಸಾಕಿತ್ತು.

ಆದರೆ ಲ್ಯಾಬಿನ ಕಂಪ್ಯೂಟರುಗಳು ರೀಸ್ಟಾರ್ಟ್ ಆದಾಗ ನಾವು ಹಾಕಿದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತೆ. ಪ್ರತಿ ಲ್ಯಾಬಿನ ಮೊದಲ ಎರಡು ನಿಮಿಷ ನಾನು ಆ ಟಿಕ್ ಹಾಕೋದರಲ್ಲೇ ಕಳೀತೀನಿ, ಪಕ್ಕದವರು ನಗ್ತಾರೆ. ಹಾಗಾಗಿ ನಮ್ಮ ಲ್ಯಾಬ್ ಇನ್‌ಚಾರ್ಜ್ ಸರ್ ಅವರಲ್ಲಿ ಈ ಮೂಲಕ ಒಂದು ಕೋರಿಕೆ: ರಜೆಯಲ್ಲಿ ಎಲ್ಲ ಮೆಷಿನ್ನಿಗೂ ಹೊಸದಾಗಿ ಓಎಸ್ ಹಾಕ್ತೀರಲ್ಲ ಸರ್, ಆಗ ಆ ಒಂದು ಟಿಕ್ ಹಾಕಿಬಿಡಿ. ಡಿ ಡ್ರೈವಿನಲ್ಲಿ ಹಳೇ ಬ್ಯಾಚುಗಳು ಬಿಟ್ಟುಹೋದ ಹದಿನೇಳು "ನ್ಯೂ ಫೋಲ್ಡರ್" ಇವೆ, ಅವನ್ನೂ ತೆಗೆದರೆ ಇನ್ನೂ ಒಳ್ಳೇದು. ಅದರಲ್ಲಿ ಎರಡು ನಮ್ಮವು, ಅವನ್ನು ನಾವೇ ತೆಗೀತೀವಿ.